ಕೀಪಾಸ್‌ಎಕ್ಸ್‌ಸಿಯೋ, ವಾಲ್ಟ್‌ವಾರ್ಡನ್ನೋ?

ಪಾಸ್‌ವರ್ಡ್‌ಗಳನ್ನು ಯಾರದೋ ಕ್ಲೌಡ್‌ಗೆ ಒಪ್ಪಿಸಲು ಇಷ್ಟವಿಲ್ಲದವರು ಹೆಚ್ಚಾಗಿ ಈ ಎರಡು ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ (ಪಾಸ್‌ವರ್ಡ್ ಕೂಡಿಡುವ ತಂತ್ರಾಂಶಗಳಲ್ಲಿ) ಒಂದಕ್ಕೆ ಬಂದು ನಿಲ್ಲುತ್ತಾರೆ. ಕೀಪಾಸ್‌ಎಕ್ಸ್‌ಸಿಯಲ್ಲಿ ಎಲ್ಲವೂ ಒಂದೇ ಎನ್‌ಕ್ರಿಪ್ಟ್ ಆದ ಫೈಲ್; ಅದನ್ನು ಸಿಂಕ್‌ಥಿಂಗ್ ಎಂಬ ಫೈಲ್ ಹೊಂದಿಸುವ ತಂತ್ರಾಂಶ ಫೋನಿಗೂ ಲ್ಯಾಪ್‌ಟಾಪ್‌ಗೂ ತಲುಪಿಸುತ್ತದೆ. ವಾಲ್ಟ್‌ವಾರ್ಡನ್ ಆದರೆ ನಮ್ಮದೇ ಸರ್ವರ್, ಅದಕ್ಕೆ ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಸೇವೆಯ ಆ್ಯಪ್‌ಗಳು. ಎರಡನ್ನೂ ದಿನನಿತ್ಯ ಬಳಸಿ ನೋಡಿದ್ದೇನೆ.

ವಾಲ್ಟ್‌ವಾರ್ಡನ್ ರಸ್ಟ್ ಭಾಷೆಯಲ್ಲಿ ಬರೆದದ್ದು, ತುಂಬಾ ಹಗುರ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೂ ಆರಾಮಾಗಿ ಓಡುತ್ತದೆ. ಡಾಕರ್ ಕಂಟೇನರ್ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ತಂತ್ರಾಂಶ) ಎಬ್ಬಿಸುವುದು ಒಂದು ಕಮಾಂಡ್‌ನ ಕೆಲಸ. ತಲೆಬಿಸಿ ಶುರುವಾಗುವುದು ಆಮೇಲೆ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದಿದ್ದರೆ ಬ್ರೌಸರ್ ತನ್ನ ಎನ್‌ಕ್ರಿಪ್ಶನ್ ಸೌಲಭ್ಯ ಬಿಟ್ಟುಕೊಡುವುದಿಲ್ಲ, ವೆಬ್ ವಾಲ್ಟ್ (ಬ್ರೌಸರ್‌ನಲ್ಲಿ ಪಾಸ್‌ವರ್ಡ್ ನೋಡುವ ಪುಟ) ತೆರೆಯುವುದೇ ಇಲ್ಲ. ಹಾಗಾಗಿ ಡೊಮೇನ್, ಸರ್ಟಿಫಿಕೇಟ್, ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಯನ್ನು ಒಳಗಿನ ಸರ್ವರ್‌ಗೆ ದಾಟಿಸುವ ತಂತ್ರಾಂಶ) ಎಲ್ಲ ಬೆನ್ನಿಗೆ ಬೀಳುತ್ತವೆ. ನಾನು ಆ ಕೆಲಸಕ್ಕೆ ಕ್ಯಾಡಿ ಎಂಬ ವೆಬ್ ಸರ್ವರ್ ಹಾಕಿ, ವೈರ್‌ಗಾರ್ಡ್ ಎಂಬ ವಿಪಿಎನ್ ಒಳಗಿಂದ ಮಾತ್ರ ಸಿಗುವ ಹಾಗೆ ಮಾಡಿದೆ. ಇನ್ನೊಂದು ಮಾತು: ಹೊಸಬರ ಸೈನ್‌ಅಪ್ ಮೊದಲಿಂದ ತೆರೆದೇ ಇರುತ್ತದೆ. ನಿಮ್ಮ ಖಾತೆ ಆದ ಕೂಡಲೇ ಮುಚ್ಚಿಬಿಡಿ.

ಕೀಪಾಸ್‌ಎಕ್ಸ್‌ಸಿಗೆ ಇದ್ಯಾವುದೂ ಬೇಡ. ಇನ್‌ಸ್ಟಾಲ್ ಮಾಡಿ, ಫೈಲ್ ಮಾಡಿ, ಮುಗಿಯಿತು.

ಆದರೆ ಸಿಂಕ್ ವಿಷಯದಲ್ಲಿ ಅದರ ಪರೀಕ್ಷೆ ಇದೆ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು, ಇಲ್ಲವೇ ಸದಾ ಓಡುವ ಮೂರನೇ ಯಂತ್ರ ಬೇಕು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಸಿಂಕ್‌ಥಿಂಗ್ ಅನ್ನು ಸುಮ್ನೆ ಕೊಂದುಹಾಕುತ್ತದೆ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ ಬೇರೆ 2024ರ ಡಿಸೆಂಬರ್‌ನಲ್ಲಿ ನಿಂತಿತು, ಈಗ ಫೋರ್ಕ್ (ಅದೇ ಕೋಡ್‌ನಿಂದ ಬೇರೆಯವರು ಮುಂದುವರಿಸಿದ ಆ್ಯಪ್) ಹಾಕಿಕೊಳ್ಳಬೇಕು. ಸಿಂಕ್ ಆಗುವ ಮೊದಲೇ ಎರಡೂ ಕಡೆ ತಿದ್ದಿದರೆ ಫೋಲ್ಡರ್‌ನಲ್ಲಿ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ದಿನಾಂಕ ಹೊತ್ತ ಇನ್ನೊಂದು ಫೈಲ್ ಕಾಣುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ನಿಜಕ್ಕೂ ಏನೂ ಕಳೆದಿರುವುದಿಲ್ಲ. ಕೀಪಾಸ್‌ಎಕ್ಸ್‌ಸಿಯ ಡೇಟಾಬೇಸ್ ಮೆನುವಿನಲ್ಲಿ ಮರ್ಜ್ (ಒಂದುಗೂಡಿಸುವ ಆಯ್ಕೆ) ಇದೆ. ಆ ಫೈಲ್ ತೋರಿಸಿದರೆ ಎರಡೂ ಕಡೆಯ ಎಂಟ್ರಿಗಳು ಸೇರಿಕೊಳ್ಳುತ್ತವೆ.

ವಾಲ್ಟ್‌ವಾರ್ಡನ್‌ನಲ್ಲಿ ಈ ಗೋಳಿಲ್ಲ. ಅದರ ತೊಂದರೆ ಬೇರೆ. ಸರ್ವರ್ ಸಿಗದಿದ್ದರೆ ಹಳೆಯ ಪಾಸ್‌ವರ್ಡ್ ಓದಬಹುದು, ಹೊಸದನ್ನು ಸೇರಿಸಲಾಗದು. ಊರು ಬಿಟ್ಟು ಹೋದಾಗಲೇ ಹೊಸ ಖಾತೆ ಮಾಡಬೇಕಾಗಿ ಬರುತ್ತದೆ, ಅಲ್ವಾ?

ಬ್ಯಾಕಪ್‌ನಲ್ಲೂ ಫೈಲ್‌ನದೇ ಮೇಲುಗೈ: ಕಾಪಿ ಮಾಡಿದರೆ ಆಯಿತು. ವಾಲ್ಟ್‌ವಾರ್ಡನ್‌ನ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನು ಓಡುತ್ತಿರುವಾಗಲೇ ಹಾಗೆ ಕಾಪಿ ಹೊಡೆದರೆ ಅರ್ಧಂಬರ್ಧ ಬರಬಹುದು. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಕಮಾಂಡ್‌ನಿಂದಲೇ ತೆಗೆಯಬೇಕು, ಅಟ್ಯಾಚ್‌ಮೆಂಟ್ ಫೋಲ್ಡರ್ ಬೇರೆಯಾಗಿ.

ಬ್ರೌಸರ್‌ನಲ್ಲಿ ತಾನಾಗಿ ತುಂಬುವ ಕೆಲಸ ಬಿಟ್‌ವಾರ್ಡನ್ ಎಕ್ಸ್‌ಟೆನ್ಶನ್‌ನದು ಜಾಸ್ತಿ ನಯ. ಕೀಪಾಸ್‌ಎಕ್ಸ್‌ಸಿ ಎಕ್ಸ್‌ಟೆನ್ಶನ್ ಕೂಡ ಚೆನ್ನಾಗಿದೆ, ಆದರೆ ಲಿನಕ್ಸ್‌ನಲ್ಲಿ ಫ್ಲಾಟ್‌ಪ್ಯಾಕ್ ಪ್ಯಾಕೇಜಿನ ಬ್ರೌಸರ್ ಆದರೆ ಅದನ್ನು ಬೇರೆ ತಂತ್ರಾಂಶಗಳಿಂದ ಬೇರ್ಪಡಿಸುವ ಸ್ಯಾಂಡ್‌ಬಾಕ್ಸ್ ಅಡ್ಡ ನಿಲ್ಲುತ್ತದೆ. ಮನೆಯವರ ಜೊತೆ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕಂತೂ ವಾಲ್ಟ್‌ವಾರ್ಡನ್ ಕಣ್ಣುಮುಚ್ಚಿ ಆರಿಸಬಹುದು. ಅವರಿಗೆ ಮರ್ಜ್ ಹೇಳಿಕೊಡುವ ತಾಳ್ಮೆ ನನಗಿಲ್ಲ.

ಈಗ ವೈಫೈ, ವಿಡಿಯೊ ಚಂದಾದಂಥ ಮನೆಮಂದಿಯ ಖಾತೆಗಳೆಲ್ಲ ವಾಲ್ಟ್‌ವಾರ್ಡನ್‌ನಲ್ಲಿವೆ. ಬ್ಯಾಂಕ್, ಮುಖ್ಯ ಇಮೇಲ್, ಸರ್ವರ್‌ನ ರೂಟ್ (ಪೂರ್ಣ ಅಧಿಕಾರದ ಖಾತೆಯ) ಪಾಸ್‌ವರ್ಡ್ ಮತ್ತು ಡಿಸ್ಕ್ ಎನ್‌ಕ್ರಿಪ್ಶನ್ ಕೀ ಮಾತ್ರ ಕೀಪಾಸ್‌ಎಕ್ಸ್‌ಸಿ ಫೈಲ್‌ನಲ್ಲಿ. ಸರ್ವರ್ ಬಿದ್ದಾಗ ಅದನ್ನು ಎಬ್ಬಿಸುವ ಪಾಸ್‌ವರ್ಡ್ ಅದರ ಹೊಟ್ಟೆಯೊಳಗೇ ಇರಬಾರದು ನೋಡಿ.