ಪ್ಯಾಟಿಪ್ಯಾನ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಪ್ಯಾಟಿಪ್ಯಾನ್ ಅಂದರೆ ವಿಕಿಮೀಡಿಯಾ ಕಾಮನ್ಸ್‌ಗೆ (ವಿಕಿಪೀಡಿಯಾ ಬಳಗದ ಮುಕ್ತ ಚಿತ್ರಕೋಶ) ತುಂಬಾ ಫೋಟೊಗಳನ್ನು ಒಟ್ಟಿಗೆ ಏರಿಸುವ ಸಾಧನ. ನಾಲ್ಕೈದು ಫೋಟೊ ಹಾಕುವವರಿಗೆ ಇದು ಬೇಕಿಲ್ಲ. ಕಾಮನ್ಸ್ ತಾಣದಲ್ಲೇ ಇರುವ ಅಪ್‌ಲೋಡ್ ವಿಝಾರ್ಡ್ ಪುಟ ಸಾಕು. ಒಂದು ತಾಲ್ಲೂಕಿನ ವೀರಗಲ್ಲು, ಮಾಸ್ತಿಗಲ್ಲುಗಳನ್ನೆಲ್ಲ ಸುತ್ತಿ ಬಂದು, ನೂರಾರು ಫೋಟೊ ಕೈಲಿಟ್ಟುಕೊಂಡು ಕೂತವರಿಗೆ ಇದು ಬೇಕು. ನಮ್ಮ ಗುಂಪು ಇದನ್ನು ಹಲವು ವರ್ಷಗಳಿಂದ ಬಳಸುತ್ತಿದೆ, ಬೇರೆಯವರಿಗೂ ಕಲಿಸುತ್ತಿದೆ. ಹಾಗಾಗಿ ಎರಡು ವಿಷಯ ಬರೆಯುತ್ತೇನೆ. ಸಾಧನ ಹೇಗಿದೆ ಅನ್ನೋದು ಒಂದು. ಜನ ಇದನ್ನು ನಿಜವಾಗಿ ಹಿಡಿದುಕೊಂಡಿದ್ದಾರಾ ಅಂತ ತಿಳಿಯುವುದು ಹೇಗೆ ಅನ್ನೋದು ಇನ್ನೊಂದು. ಎರಡನೆಯದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನಗೆ ಕಂಡಿಲ್ಲ. ಅದಕ್ಕೇ ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕೆಲಸ ನಡೆಯುವುದು ಸ್ಪ್ರೆಡ್‌ಶೀಟ್ ಮೂಲಕ. ಫೋಟೊ ಇರುವ ಫೋಲ್ಡರ್ ತೋರಿಸಿದರೆ ಸಾಧನ ಒಂದು ಹಾಳೆ ಮಾಡಿಕೊಡುತ್ತದೆ. ಒಂದು ಫೋಟೊಗೆ ಒಂದು ಸಾಲು. ವಿವರಣೆ, ದಿನಾಂಕ, ಛಾಯಾಗ್ರಾಹಕರ ಹೆಸರು, ಲೈಸೆನ್ಸ್, ವರ್ಗ (ಒಂದೇ ಬಗೆಯ ಕಡತಗಳನ್ನು ಒಟ್ಟಿಗೆ ತೋರಿಸುವ ಗುರುತು), ಎಲ್ಲಕ್ಕೂ ಬೇರೆ ಬೇರೆ ಕಾಲಂ. ಎಲ್ಲ ಫೋಟೊಗೂ ಒಂದೇ ಆಗಿರುವ ಮಾಹಿತಿಯನ್ನು ಮೊದಲೇ ಒಂದು ಸಲ ಕೊಟ್ಟರೆ ಮುಗಿಯಿತು. ತುಂಬಿದ ಹಾಳೆಯನ್ನು ಮತ್ತೆ ಸಾಧನಕ್ಕೆ ಕೊಟ್ಟರೆ ಅದು ತಪ್ಪುಗಳನ್ನು ಹುಡುಕಿ ತೋರಿಸುತ್ತದೆ. ಆಮೇಲೆ ಲಾಗಿನ್ ಆಗಿ ಅಪ್‌ಲೋಡ್ ಒತ್ತುವುದು, ಅಷ್ಟೇ.

ನನಗೆ ಇಷ್ಟವಾದದ್ದು, ಈ ಹಾಳೆಯನ್ನು ಹಂಚಿಕೊಂಡು ಕೆಲಸ ಮಾಡಬಹುದು. ಫೋಟೊ ತೆಗೆದವರು ಒಬ್ಬರು, ಶಾಸನ ಓದಬಲ್ಲವರು ಇನ್ನೊಬ್ಬರು, ವರ್ಗಗಳ ಲೆಕ್ಕ ಗೊತ್ತಿರುವವರು ಮತ್ತೊಬ್ಬರು. ಎಲ್ಲರೂ ವಿಕಿ ಕಲಿಯಲೇಬೇಕು ಅಂತಿಲ್ಲ. ಊರಿನ ಇತಿಹಾಸ ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ಸುಮ್ನೆ ವಿವರಣೆಯ ಕಾಲಂ ತುಂಬಿಕೊಟ್ಟರೂ ಅದು ದೊಡ್ಡ ಕೊಡುಗೆ.

ತೊಂದರೆಗಳೂ ಇವೆ. ಹಾಳೆಯನ್ನು ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲೇ ಉಳಿಸಬೇಕು. ಸಾಧನ ನಡೆಯಲು ಕಂಪ್ಯೂಟರಿನಲ್ಲಿ ಜಾವಾ ಅನ್ನೋ ತಂತ್ರಾಂಶ ಇರಬೇಕು, ಅದರ ಕಿಟಕಿ, ಗುಂಡಿಗಳನ್ನು ತೋರಿಸಲು ಜಾವಾಎಫ್‌ಎಕ್ಸ್ ಅನ್ನೋ ಇನ್ನೊಂದು ಭಾಗವೂ ಬೇಕು. ಜಾವಾ 11ರಿಂದ ಅದು ಜಾವಾದ ಜೊತೆಗೇ ಬರುವುದಿಲ್ಲ. ಕಲಿಕಾ ಶಿಬಿರಗಳಲ್ಲಿ ಮೊದಲ ಗಂಟೆ ಹೋಗುವುದೇ ಇಲ್ಲಿ.

ಕನ್ನಡದವರು ಗಮನಿಸಬೇಕಾದ ಒಂದು ಮಾತು. ಕಾಮನ್ಸ್‌ನಲ್ಲಿ ಕಡತದ ಹೆಸರಿಗೆ 240 ಬೈಟ್ ಮಿತಿ ಇದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಕ್ಷೇ' ಒಂದಕ್ಕೇ 12 ಬೈಟ್. ಅಂದರೆ ಹೆಚ್ಚೆಂದರೆ 80 ಚಿಹ್ನೆ ಮಾತ್ರ. ದೇವಸ್ಥಾನ, ಗ್ರಾಮ, ತಾಲ್ಲೂಕು, ಜಿಲ್ಲೆ ಎಲ್ಲ ಹೆಸರಲ್ಲೇ ಸೇರಿಸಿದರೆ ಮಿತಿ ದಾಟುತ್ತದೆ. ಊರು ಮತ್ತು ಕಲ್ಲಿನ ಗುರುತು ಹೆಸರಲ್ಲಿರಲಿ, ಉಳಿದದ್ದು ವಿವರಣೆಗೆ ಹೋಗಲಿ. ಇನ್ನು ಸಂಸ್ಥೆಗಳಿಂದ ಬರುವ ಹಳೆಯ ಪಟ್ಟಿಗಳು ಎಷ್ಟೋ ಸಲ ಯುನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿರುತ್ತವೆ. ಮೊದಲು ಪರಿವರ್ತಿಸಿ, ಆಮೇಲೆ ಕಣ್ಣಾರೆ ಓದಿ ನೋಡಿ. ಅರ್ಕಾವತ್ತು ಇರುವ ಕಡೆ ವಿಶೇಷವಾಗಿ ನೋಡಿ.

ಈಗ ಅಳತೆಯ ವಿಷಯ. ನೆರವು ಕೊಡುವವರು, ಸಂಸ್ಥೆಗಳು ಮೊದಲು ಕೇಳುವುದು "ಎಷ್ಟು ಫೋಟೊ ಏರಿತು?" ಅಂತ. ಅದನ್ನು ಹೇಳುವುದು ಸುಲಭ. ಪ್ಯಾಟಿಪ್ಯಾನ್ ತಾನು ಏರಿಸಿದ ಪ್ರತಿ ಕಡತಕ್ಕೂ ತನ್ನದೊಂದು ವರ್ಗ ಸೇರಿಸುತ್ತದೆ. ಆ ವರ್ಗ ತೆರೆದರೆ ಎಣಿಕೆ ಸಿಗುತ್ತದೆ. ಆದರೆ ಅದು ಪುಟದಲ್ಲಿ ಬರೆದ ಒಂದು ಸಾಲು ಮಾತ್ರ. ಯಾರಾದರೂ ಪುಟ ಚೊಕ್ಕ ಮಾಡುವಾಗ ತೆಗೆದುಬಿಟ್ಟರೆ ಆ ಕಡತ ಎಣಿಕೆಯಿಂದ ಹೊರಗೆ. ಅಳಿಸಿದ ಕಡತಗಳೂ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಒಂದು ವಸ್ತುಸಂಗ್ರಹಾಲಯದ ಪರವಾಗಿ ಒಬ್ಬರೇ ಕೂತು ಸಾವಿರಗಟ್ಟಲೆ ಚಿತ್ರ ಏರಿಸಬಹುದು. ಎಣಿಕೆ ಜಿಗಿಯುತ್ತದೆ, ಬಳಕೆದಾರರು ಮಾತ್ರ ಒಬ್ಬರೇ. ಹಾಗಾಗಿ ಕಡತ ಎಣಿಸುವ ಬದಲು ಏರಿಸಿದವರನ್ನು ಎಣಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕ್ವಾರಿ ಅನ್ನೋ ಜಾಲತಾಣದಲ್ಲಿ ವಿಕಿ ಖಾತೆ ಇರುವ ಯಾರು ಬೇಕಾದರೂ ವಿಕಿಗಳ ಡೇಟಾಬೇಸ್ ಪ್ರತಿಯ ಮೇಲೆ ಎಸ್‌ಕ್ಯುಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಪ್ರಶ್ನೆ ಓಡಿಸಬಹುದು. ಈ ವರ್ಗದ ಕಡತಗಳನ್ನು ಮೊದಲು ಏರಿಸಿದ ಖಾತೆಗಳು ಯಾವುವು, ಯಾವ ವರ್ಷ ಏರಿಸಿದರು, ಮುಂದಿನ ವರ್ಷವೂ ಬಂದರಾ? ಈ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ. ಶಿಬಿರದ ದಿನ ಹತ್ತು ಫೋಟೊ ಹಾಕಿ ಮರೆಯಾದವರು ಬಳಕೆದಾರರಲ್ಲ. ಮುಂದಿನ ವರ್ಷ ತಮ್ಮೂರ ಜಾತ್ರೆಯ ಫೋಟೊಗಳನ್ನು ತಾವೇ ಹಾಳೆಗೆ ತುಂಬಿ ಏರಿಸಿದವರು ಬಳಕೆದಾರರು.

ಪ್ಯಾಟಿಪ್ಯಾನ್ ಇಳಿಸಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಪ್ರತಿ ಆವೃತ್ತಿಯ ಡೌನ್‌ಲೋಡ್ ಎಣಿಕೆಯೂ ಸಿಗುತ್ತದೆ. ವರದಿಗಳಲ್ಲಿ ಅದನ್ನೇ ಬಳಕೆ ಅಂತ ತೋರಿಸುವುದು ಸಂತೆಗೆ ಬಂದವರ ತಲೆ ಎಣಿಸಿ ವ್ಯಾಪಾರ ಇಷ್ಟಾಯಿತು ಅಂದ ಹಾಗೆ. ಇಳಿಸಿಕೊಂಡು, ಜಾವಾ ಹೊಂದದೆ ಕೈಬಿಟ್ಟವರೂ ಅದರಲ್ಲಿ ಸೇರಿರುತ್ತಾರೆ. ಅವರು ಯಾವ ಡೇಟಾಬೇಸಿನಲ್ಲೂ ಕಾಣುವುದಿಲ್ಲ. ಅವರನ್ನು ಫೋನ್ ಮಾಡಿಯೇ ಕೇಳಬೇಕು. ನಾವು ಕೇಳುತ್ತೇವೆ. ತುಂಬಾ ಕಲಿಯುತ್ತೇವೆ ಕೂಡ.

ಏರಿದ ಫೋಟೊ ಯಾರಿಗಾದರೂ ಉಪಯೋಗಕ್ಕೆ ಬಂತಾ ಅಂತ ನೋಡಲು ಗ್ಲಾಮರಸ್ ಅನ್ನೋ ಸಾಧನ ಇದೆ. ಒಂದು ವರ್ಗದ ಹೆಸರು ಕೊಟ್ಟರೆ ಅದರ ಕಡತಗಳು ಯಾವ ಭಾಷೆಯ ವಿಕಿಗಳಲ್ಲಿ, ಯಾವ ಪುಟಗಳಲ್ಲಿ ಬಳಕೆಯಾಗಿವೆ ಅಂತ ಹೇಳುತ್ತದೆ. ಬಗ್ಲಾಮಾ ಅನ್ನೋ ಇನ್ನೊಂದು ಸಾಧನ ಆ ಪುಟಗಳನ್ನು ತಿಂಗಳಿಗೆ ಎಷ್ಟು ಸಲ ತೆರೆದರು ಅಂತ ಕೊಡುತ್ತದೆ. ಇದು ಪುಟದ ಲೆಕ್ಕ, ಫೋಟೊ ನೋಡಿದ ಲೆಕ್ಕ ಅಲ್ಲ, ಇದನ್ನು ನೆನಪಿಡಬೇಕು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಂಥ ಸುದ್ದಿ ಬಂದಾಗ ಆ ಪುಟಗಳಿಗೆ ಓದುಗರು ಹೆಚ್ಚಿದರೆ ಅದರ ಶ್ರೇಯ ಸುದ್ದಿಗೆ ಸೇರಬೇಕು, ಸಾಧನಕ್ಕಲ್ಲ. ನಮ್ಮ ವೀರಗಲ್ಲಿನ ಫೋಟೊಗಳು ಬಹುಪಾಲು ಯಾವ ಲೇಖನದಲ್ಲೂ ಇಲ್ಲ. ಆದರೂ ಅವು ವ್ಯರ್ಥ ಅಂತ ನಾನು ಒಪ್ಪುವುದಿಲ್ಲ. ರಸ್ತೆ ಅಗಲಿಸುವಾಗ ಕಲ್ಲು ಜಾಗ ಬಿಟ್ಟರೆ ಅದು ಎಲ್ಲಿತ್ತು, ಹೇಗಿತ್ತು ಅಂತ ಹೇಳಲು ಈ ದಾಖಲೆ ಬೇಕು. ಯಾವ ಎಣಿಕೆಯೂ ಅದನ್ನು ತೋರಿಸುವುದಿಲ್ಲ.

ಹೋಲಿಕೆಗೆ ಓಪನ್‌ರಿಫೈನ್ ನೋಡಿ, ಅದು ಪಟ್ಟಿಗಳಲ್ಲಿನ ಮಾಹಿತಿಯನ್ನು ಚೊಕ್ಕ ಮಾಡುವ ತಂತ್ರಾಂಶ. 2022ರ 3.6 ಆವೃತ್ತಿಯಿಂದ ಅದರಲ್ಲಿ ಕಾಮನ್ಸ್‌ನ ರಚನಾಬದ್ಧ ದತ್ತಾಂಶ (ಕಂಪ್ಯೂಟರಿಗೂ ಅರ್ಥವಾಗುವಂತೆ ಬಿಡಿಬಿಡಿಯಾಗಿ ಜೋಡಿಸಿದ ಮಾಹಿತಿ) ತಿದ್ದಬಹುದು, 3.7ರಿಂದ ಹೊಸ ಕಡತಗಳನ್ನೂ ಏರಿಸಬಹುದು. ಊರು, ರಾಜವಂಶಗಳ ಹೆಸರನ್ನು ವಿಕಿಡೇಟಾದ (ವಿಕಿ ಬಳಗದ ಮಾಹಿತಿಕೋಶ) ಜೊತೆ ಹೊಂದಿಸುವ ಕೆಲಸದಲ್ಲಿ ಅದನ್ನು ಮೀರಿಸುವಂಥದ್ದಿಲ್ಲ. ಅಳತೆಗೂ ಅದೇ ವಾಸಿ. ಪ್ರತಿ ಬದಲಾವಣೆಗೂ ಆವೃತ್ತಿಯ ಸಂಖ್ಯೆ ಇರುವ ಟ್ಯಾಗ್ ಬೀಳುತ್ತದೆ, ಪುಟ ತಿದ್ದಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಆದರೆ ಕಲಿಯಲು ಕಷ್ಟ. ಎಕ್ಸೆಲ್ ಬಲ್ಲವರು ಪ್ಯಾಟಿಪ್ಯಾನನ್ನು ಒಂದು ಮಧ್ಯಾಹ್ನದಲ್ಲಿ ಹಿಡಿಯುತ್ತಾರೆ, ಓಪನ್‌ರಿಫೈನ್‌ನ ಸ್ಕೀಮಾ (ಯಾವ ಕಾಲಂ ಎಲ್ಲಿಗೆ ಹೋಗಬೇಕು ಅನ್ನೋ ನಕ್ಷೆ) ಹಿಡಿಯಲು ಅಷ್ಟು ಸಾಲದು.

ಹೊಸ ಗುಂಪು ಕಟ್ಟುತ್ತಿದ್ದರೆ ಪ್ಯಾಟಿಪ್ಯಾನ್‌ನಿಂದಲೇ ಶುರುಮಾಡಿ. ಆದರೆ ಮೊದಲ ದಿನವೇ ನಿಮ್ಮ ಯೋಜನೆಗೆ ಬೇರೆಯೇ ಒಂದು ವರ್ಗ ಮಾಡಿ, ಅದನ್ನು ಹಾಳೆಯ ಪ್ರತಿ ಸಾಲಿನಲ್ಲೂ ಸೇರಿಸಿ. ಗ್ಲಾಮರಸ್, ಕ್ವಾರಿ ಎರಡಕ್ಕೂ ಅದೇ ಆಧಾರ. ಹಾಕದೆ ಬಿಟ್ಟರೆ ನಿಮ್ಮ ಫೋಟೊಗಳು ಕಾಮನ್ಸ್‌ನ 10 ಕೋಟಿಗೂ ಮೀರಿದ ಕಡತಗಳ ನಡುವೆ ಸೇರಿಹೋಗುತ್ತವೆ. ಆಮೇಲೆ ಬೇರ್ಪಡಿಸುವುದು ಏರಿಸಿದ್ದಕ್ಕಿಂತ ಜಾಸ್ತಿ ಕೆಲಸ.