ಪ್ಲಸ್ ಟೂ ಬಯಾಲಜಿಗೆ ಮನೆಯಲ್ಲೊಂದು ಮೈಕ್ರೋಸ್ಕೋಪ್: ಎರಡು ಮಳೆಗಾಲದ ನಂತರ

ಪ್ಲಸ್ ವನ್, ಅಂದರೆ ಕೇರಳದ ಹನ್ನೊಂದನೇ ಕ್ಲಾಸು, ಶುರುವಾದಾಗ ಆನ್‌ಲೈನಿನಲ್ಲಿ ತರಿಸಿದ್ದು. ಮೂರೂವರೆ ಸಾವಿರ ಆಗಿತ್ತು. ಈಗ ಪ್ಲಸ್ ಟೂ ಪರೀಕ್ಷೆಯೂ ಮುಗಿದಿದೆ. ಕಂಪೆನಿ ಹೆಸರು ಬೇಡ, ಈ ಬೆಲೆಯಲ್ಲಿ ಸಿಗುವ ಮೈಕ್ರೋಸ್ಕೋಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ.

ನಾನು ಹತ್ತರ ತನಕ ಓದಿದ್ದು ಕಾಸರಗೋಡಿನ ಬದಿಯಡ್ಕದ ಕಡೆ, ಕನ್ನಡ ಮಾಧ್ಯಮದಲ್ಲಿ. ಪ್ಲಸ್ ವನ್‌ಗೆ ಬಂದರೆ ಪುಸ್ತಕ ಇಂಗ್ಲಿಷ್, ವಿವರಣೆ ಮಲಯಾಳ. ಎಲೆಯಲ್ಲಿರುವ ಸಣ್ಣ ತೂತು ಪತ್ರರಂಧ್ರ ಅಂತ ಗೊತ್ತಿತ್ತು, ಅದೇ ಸ್ಟೊಮಾಟಾ ಅಂತ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಒಂದು ಮೈಕ್ರೋಸ್ಕೋಪಿಗೆ ಆರು ಜನ. ನನ್ನ ಸರದಿ ಬರುವಾಗ ಯಾರೋ ಫೋಕಸ್ ತಿರುಗಿಸಿರುತ್ತಿದ್ದರು, ಸರಿ ಮಾಡುವಷ್ಟರಲ್ಲಿ ಬೆಲ್ ಆಗುತ್ತಿತ್ತು.

ಮನೆಯಲ್ಲಿ ಮೊದಲು ನೋಡಿದ್ದು ಅಂಗಳದ ರಿಯೋ ಗಿಡದ ಎಲೆ. ಅದರ ಅಡಿಭಾಗ ನೇರಳೆ ಬಣ್ಣ. ಓರೆಯಾಗಿ ಹರಿದರೆ ತೆಳ್ಳಗಿನ ಸಿಪ್ಪೆ ಬರುತ್ತದೆ. ಒಂದು ಹನಿ ನೀರಿನಲ್ಲಿಟ್ಟು ನೋಡಿದರೆ ಪ್ರತಿ ಕೋಶವೂ ನೇರಳೆ ತುಂಬಿಕೊಂಡಿರುತ್ತದೆ. ಉಪ್ಪುನೀರು ಬಿಟ್ಟು ಸ್ವಲ್ಪ ಕಾದರೆ ಆ ಬಣ್ಣ ಗೋಡೆ ಬಿಟ್ಟು ನಡುವಿಗೆ ಸರಿದು ಮುದ್ದೆಯಾಗುತ್ತದೆ. ಕೋಶದೊಳಗಿನ ನೀರು ಹೊರಗೆ ಹೋಗಿ ಒಳಭಾಗ ಕುಗ್ಗುವುದು, ಪ್ಲಾಸ್ಮೊಲೈಸಿಸ್ ಅಂದರೆ ಇದೇ. ನಾನು ಅರ್ಥವಾಗದೆ ಬಾಯಿಪಾಠ ಮಾಡಿದ್ದೆ. ಅಮ್ಮ ಬಗ್ಗಿ ನೋಡಿ, "ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಚಿರುಟುವುದೂ ಹೀಗೆಯಾ?" ಅಂದರು. ಹೌದು, ಹೀಗೆಯೇ. ಅದೇ ಸಿಪ್ಪೆಯಲ್ಲಿ ಪತ್ರರಂಧ್ರವೂ ಸಿಕ್ಕಿತು, ನೇರಳೆಯ ನಡುವೆ ಎರಡು ಹಸಿರು ಕಾವಲು ಕೋಶ. ಅವತ್ತಿನಿಂದ ಸ್ಟೊಮಾಟಾ ಅನ್ನುವ ಪದ ಮರೆತಿಲ್ಲ.

ನೀರುಳ್ಳಿ ಬೇರಿನ ತುದಿಗೆ ಮಾತ್ರ ನಾಲ್ಕು ಸಲ ಒದ್ದಾಡಿದೆ. ಬೇರು ಬೆಳಗ್ಗೆ ಕತ್ತರಿಸಬೇಕು, ಅಸಿಟೋಕಾರ್ಮೈನ್ ಬಣ್ಣ ಹಿಡಿಯಬೇಕು, ಹದವಾಗಿ ಒತ್ತಬೇಕು. ಕೋಶ ಎರಡಾಗುವ ಹಂತಗಳಾದ ಮೆಟಾಫೇಸ್, ಅನಾಫೇಸ್ ಗುರುತು ಹಿಡಿಯಬಹುದು. ನೀರುಳ್ಳಿ ಕೋಶದ 16 ಕ್ರೋಮೊಸೋಮ್ ಎಣಿಸುತ್ತೇನೆ ಅಂತ ಕೂತವಳಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಲೆಕ್ಕ ಸಿಕ್ಕಿಲ್ಲ.

ಇನ್ನು ದೂರುಗಳು. ಪೆಟ್ಟಿಗೆಯ ಮೇಲೆ 2000 ಪಟ್ಟು ಅಂತ ದೊಡ್ಡದಾಗಿ ಬರೆದಿದೆ. ಸುಳ್ಳು ಅಂತಲೇ ಇಟ್ಟುಕೊಳ್ಳಿ. ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಸುಮಾರು ಸಾವಿರ ಪಟ್ಟು ದಾಟಿದರೆ ಹೊಸದೇನೂ ಕಾಣುವುದಿಲ್ಲ, ಮಸುಕೇ ದೊಡ್ಡದಾಗುತ್ತದೆ. ನಮಗೆ ಬೇಕಾದ್ದು ಮೇಲಿನ 10ರ ಲೆನ್ಸ್ ಮತ್ತು ಕೆಳಗಿನ 40ರದ್ದು, ಒಟ್ಟು 400 ಪಟ್ಟು. ಆ 40ರ ಲೆನ್ಸ್ ಸ್ಲೈಡಿಗೆ ಎಷ್ಟು ಹತ್ತಿರ ಬರುತ್ತದೆ ಅಂದರೆ, ದೊಡ್ಡ ತಿರುಪು ತಿರುಗಿಸಿದರೆ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್, ಚಟಕ್ ಅನ್ನುತ್ತದೆ. ನಾನು ಏಳು ಒಡೆದಿದ್ದೇನೆ. ತಿರುಪೂ ಈಗ ಸಡಿಲಾಗಿದೆ, ಕೈ ಬಿಟ್ಟರೆ ತಾನೇ ಇಳಿಯುತ್ತದೆ.

ನಮ್ಮ ಊರಿನ ದೊಡ್ಡ ಸಮಸ್ಯೆ ಮಳೆ. ನನ್ನದು ಕನ್ನಡಿ ಇರುವ ಮಾದರಿ. ಆಷಾಢದ ಕತ್ತಲಲ್ಲಿ ಕನ್ನಡಿಗೆ ಬೆಳಕೆಲ್ಲಿಂದ? ಫೋನಿನ ಟಾರ್ಚಿಗೆ ಬಿಳಿ ಕಾಗದ ಅಡ್ಡ ಹಿಡಿದು ಸುಧಾರಿಸಿದೆ. ನೀವು ಕೊಳ್ಳುವುದಾದರೆ ಸೆಲ್ ಹಾಕುವ ಎಲ್‌ಇಡಿ ಇರುವುದನ್ನೇ ನೋಡಿ. ಮೊದಲ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಿತು, ಜೇಡರ ಬಲೆಯ ಹಾಗೆ. ಬಯಾಲಜಿ ಓದುವವಳ ಲೆನ್ಸಿನಲ್ಲೇ ಫಂಗಸ್! ಒರೆಸಿದರೂ ಗುರುತು ಹೋಗಿಲ್ಲ. ಆಮೇಲೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿದೆ ಅಂತ ಅರ್ಥ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಎರಡನೇ ಮಳೆಗಾಲಕ್ಕೆ ತೊಂದರೆ ಆಗಲಿಲ್ಲ.

ಮಾರ್ಕು ಜಾಸ್ತಿ ಬರುತ್ತದಾ ಅಂತ ಕೇಳಿದರೆ, ಪ್ರಾಕ್ಟಿಕಲ್‌ನಲ್ಲಿ ಕೈ ನಡುಗಲಿಲ್ಲ. ಥಿಯರಿಯಲ್ಲಿ ಬಾಟನಿಗೆ 30 ಮಾರ್ಕು, ಝುವಾಲಜಿಗೆ 30. ಅದಕ್ಕೆ ಓದಲೇಬೇಕು, ಲೆನ್ಸ್ ಉತ್ತರ ಬರೆಯುವುದಿಲ್ಲ ಅಲ್ವಾ.

ಕಳೆದ ಮಳೆಗಾಲ ತೋಟದಲ್ಲಿ ಕೊಳೆರೋಗ ಬಂತು. ಉದುರಿದ ಎಳೆ ಅಡಿಕೆಯನ್ನು ಒದ್ದೆ ಹತ್ತಿಯ ಜೊತೆ ಡಬ್ಬದಲ್ಲಿಟ್ಟೆ. ಬಿಳಿ ನೂಲು ಬೆಳೆಯಿತು. ಸೂಜಿಯಲ್ಲಿ ಎತ್ತಿ ನೋಡಿದರೆ ಎಳೆಗಳ ತುದಿಯಲ್ಲಿ ಪುಟ್ಟ ಲಿಂಬೆಕಾಯಿಯಂಥ ಚೀಲಗಳು. ಕೊಳೆರೋಗ ತರುವ ಫೈಟೋಫ್ತೊರಾ. ನೋಡಲು ಫಂಗಸ್ ಹಾಗಿದ್ದರೂ ನಿಜವಾದ ಫಂಗಸ್ ಅಲ್ಲ. ಎಷ್ಟೋ ವರ್ಷದಿಂದ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುತ್ತಿದ್ದ ಅಪ್ಪ ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ. "ಇದಾ ಅದು?" ಅಂದರು, ಅಷ್ಟೇ.

ಪಕ್ಕದ ಮನೆಯ ಹುಡುಗಿ ಪ್ಲಸ್ ವನ್ ಸೇರುತ್ತಾಳೆ, ಅರ್ಧ ಬೆಲೆಗೆ ಕೊಡ್ತೀಯಾ ಅಂತ ಕೇಳಿದ್ದಾಳೆ. ನನಗೇನೋ ಅಡ್ಡಿಯಿಲ್ಲ. ಅಪ್ಪ ಬಿಡುತ್ತಿಲ್ಲ.