1565ರ ದಖ್ಖನ್ ನಕ್ಷೆ: ಯಾವ ಹೆಸರು, ಯಾವ ಗಡಿ? ಎಲ್ಲವನ್ನೂ ಆಡಿ ನೋಡಿದ ಮೇಲೆ

ತಾಳಿಕೋಟೆ ಯುದ್ಧದ ಕಾಲದ ಮೇಲೆ ಒಂದು ತಂತ್ರದಾಟ ಮಾಡುತ್ತಿದ್ದೇನೆ. ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್. ನಕ್ಷೆಯನ್ನು ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿ ಮನೆಯ ಹಾಲ್‌ನಲ್ಲಿ ಹಾಸಿಕೊಂಡು ಆಡುತ್ತೇವೆ. ಆಟದ ನಿಯಮ ಎರಡೇ ತಿಂಗಳಲ್ಲಿ ಒಂದು ಹದಕ್ಕೆ ಬಂತು. ಹೆಸರು ಮತ್ತು ಗಡಿ ಮಾತ್ರ ಒಂದು ವರ್ಷ ತಿಂದವು. ಮೂರು ಬಗೆಯ ಹೆಸರು, ಮೂರು ಬಗೆಯ ಗಡಿ ಹಾಕಿ ನೋಡಿದೆ. ಇಂಥ ನಕ್ಷೆ ಮಾಡಲು ಹೊರಟವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲು ಹಾಕಿದ್ದು ಇವತ್ತಿನ ಹೆಸರುಗಳು. ಎಲ್ಲರಿಗೂ ಗೊತ್ತಿರುತ್ತವೆ, ಊರು ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ. ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತಲ್ವಾ, ಅದರಲ್ಲಿ ಹೆಚ್ಚಿನವು ಬರೀ ಇಂಗ್ಲಿಷ್ ಕಾಗುಣಿತದ ಬದಲಾವಣೆ. ನಾವು ಮೊದಲಿಂದಲೂ ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿ ಅಂತಲೇ ಬರೆಯುತ್ತಿದ್ದೆವು. ಕನ್ನಡದ ಬರವಣಿಗೆಯಲ್ಲಿ ಎದ್ದು ಕಾಣುವ ಹಾಗೆ ಬದಲಾದದ್ದು ಗುಲ್ಬರ್ಗಾ ಹೋಗಿ ಕಲಬುರಗಿ, ಬಿಜಾಪುರ ಹೋಗಿ ವಿಜಯಪುರ.

ನನ್ನ ಆಟ ಮುಗ್ಗರಿಸಿದ್ದು ಆ ವಿಜಯಪುರದಲ್ಲೇ. ಎರಡು ಶತ್ರು ರಾಜಧಾನಿಗಳು, ಒಂದು ವಿಜಯಪುರ, ಇನ್ನೊಂದು ವಿಜಯನಗರ. ಆಟ ಬಿಸಿ ಏರಿದಾಗ ಎಲ್ಲರೂ "ವಿಜಯ..." ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅತ್ತೆಯ ಮಗಳು ಒಮ್ಮೆ ತನ್ನ ರಾಜಧಾನಿಯ ಮೇಲೇ ದಂಡು ಕಳಿಸುವ ಆದೇಶ ಬರೆದುಬಿಟ್ಟಳು. ಅವಳ ತಪ್ಪಲ್ಲ, ನಕ್ಷೆಯ ತಪ್ಪು. ನನಗೆ ವಿಜಯಪುರ ಅನ್ನುವ ಹಳೆಯ ಹೆಸರಿನ ಮೇಲೆ ತುಂಬಾ ಪ್ರೀತಿ ಇದೆ. ಆದರೂ ಈ ನಕ್ಷೆಯಲ್ಲಿ ಬಿಜಾಪುರವೇ ಸರಿ. ಆದಿಲಶಾಹಿಗಳ ಕಾಲಕ್ಕೂ ಅದು ಹೊಂದುತ್ತದೆ, ಕಣ್ಣಿಗೂ ಕಿವಿಗೂ ಬೇರೆಯಾಗಿ ನಿಲ್ಲುತ್ತದೆ.

ಇವತ್ತಿನ ಹೆಸರುಗಳ ಇನ್ನೊಂದು ತೊಂದರೆ, ಇರದ ಊರುಗಳು ನುಸುಳುವುದು. ಹೈದರಾಬಾದ್ ಕಟ್ಟಿದ್ದು 1591ರಲ್ಲಿ. ನನ್ನ ಮೊದಲ ಪ್ರಿಂಟ್‌ನಲ್ಲಿ ಅದು ಗೋಲ್ಕೊಂಡದ ಪಕ್ಕದಲ್ಲೇ ದೊಡ್ಡದಾಗಿ ಕೂತಿತ್ತು. ಬಸವಕಲ್ಯಾಣವೂ ಈಚಿನ ಹೆಸರು, ಆಗ ಬರೀ ಕಲ್ಯಾಣ.

ಎರಡನೆಯದು ಸುಲ್ತಾನರ ಆಸ್ಥಾನದ ಹೆಸರುಗಳು. ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್. ಬಹಮನಿ ಕಾಲದ ಹೆಸರುಗಳು, ಓದಲು ಗಂಭೀರವಾಗಿವೆ. ಆಟದಲ್ಲಿ ಮಾತ್ರ ನಡೆಯಲಿಲ್ಲ. ಪ್ರತಿ ಸುತ್ತಿನಲ್ಲೂ ಯಾರಾದರೂ "ಇದು ಯಾವೂರು?" ಅಂತ ಕೇಳೋರು, ನಾನು ಹೇಳೋನು. ಒಂದೇ ಸಂಜೆಗೆ ಸಾಕಾಯಿತು.

ಮೂರನೆಯದು ನನಗೆ ಅತಿ ಇಷ್ಟವಾದದ್ದು, ಶಾಸನಗಳ ನಾಡಿನ ಹೆಸರುಗಳು. ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ತರ್ದವಾಡಿ ಸಾವಿರ, ಕಿಸುಕಾಡು ಎಪ್ಪತ್ತು. ಒಂದೊಂದನ್ನು ಓದುವಾಗಲೂ ಮೈ ಜುಮ್ ಅನ್ನುತ್ತದೆ. ಹೆಸರಿನ ಜೊತೆಗೇ ಸಂಖ್ಯೆ ಬರುತ್ತದಲ್ಲ, ಅದನ್ನೇ ಆ ಸೀಮೆಯ ಆದಾಯ ಅಂತ ಇಟ್ಟರೆ ಹೇಗೆ ಅಂತ ಆಸೆಯಾಯಿತು. ಇಟ್ಟೆ. ಆಟ ಅಲ್ಲೇ ಕುಸಿಯಿತು. ಬನವಾಸಿ ಬೆಳ್ವೊಲಕ್ಕಿಂತ ನಲವತ್ತು ಪಟ್ಟು ದೊಡ್ಡದಾಯಿತು, ಯಾರು ಬನವಾಸಿ ಹಿಡಿದರೋ ಅವರೇ ಗೆದ್ದರು. ಬೆಳ್ವೊಲ ಅಂದರೆ ಗದಗ, ರೋಣ, ನರಗುಂದದ ಕಡೆಯ ಎರೆಮಣ್ಣಿನ ನಾಡು. ಆ ನೆಲ ನೋಡಿದ ಯಾರೂ ಅದನ್ನು ಬಡ ಸೀಮೆ ಅನ್ನುವುದಿಲ್ಲ. ಈ ಸಂಖ್ಯೆಗಳು ಏನನ್ನು ಹೇಳುತ್ತವೆ ಅನ್ನುವುದರಲ್ಲಿ ವಿದ್ವಾಂಸರಲ್ಲೇ ಒಮ್ಮತ ಇಲ್ಲ, ನಾನು ಅದನ್ನು ಸುಮ್ನೆ ಆದಾಯ ಮಾಡಿದ್ದು ಅವಸರವಾಯಿತು. ಜೊತೆಗೆ ಇವೆಲ್ಲ ಹತ್ತು, ಹನ್ನೊಂದನೇ ಶತಮಾನದ ಹೊತ್ತಿಗೆ ಚಾಲ್ತಿಯಲ್ಲಿದ್ದ ವಿಭಾಗಗಳು. 1565ರ ನಕ್ಷೆಗೆ ಐನೂರು ವರ್ಷ ಹಳೆಯವು. ವಿಜಯನಗರದವರು ಬಾರಕೂರು ರಾಜ್ಯ, ಚಂದ್ರಗುತ್ತಿ ರಾಜ್ಯ, ಪೆನುಗೊಂಡೆ ರಾಜ್ಯ ಅಂತ ಬೇರೆ ಲೆಕ್ಕ ಇಟ್ಟಿದ್ದರು.

ಆದರೂ ಆ ಪಟ್ಟಿಯಿಂದ ಒಂದು ಹೆಸರನ್ನು ಉಳಿಸಿಕೊಂಡೆ. ಎಡೆದೊರೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡು. ಈಗ ಎಲ್ಲರೂ ರಾಯಚೂರು ದೋಆಬ್ ಅನ್ನುತ್ತಾರೆ, ದೋಆಬ್ ಅಂದರೆ ಪಾರಸಿಯಲ್ಲಿ ಎರಡು ನೀರು. ಎಡೆದೊರೆ ಅಂದರೂ ತೊರೆಗಳ ನಡುವಿನದು ಅಂತಲೇ. ಅದು ಯಾವ ರಾಜಧಾನಿಯ ಹೆಸರೂ ಅಲ್ಲ, ಯಾವ ದೊರೆಯ ಹೆಸರೂ ಅಲ್ಲ. ಎರಡೂ ಕಡೆಯವರು ಕಿತ್ತಾಡುವ ನೆಲಕ್ಕೆ ಇಂಥ ಹೆಸರೇ ಬೇಕು. ರಾಯಚೂರು ದೋಆಬ್ ಅಂತ ಬರೆದಾಗ ಎಲ್ಲರೂ ರಾಯಚೂರು ಕೋಟೆಗೇ ಮುಗಿಬೀಳುತ್ತಿದ್ದರು, ಮುದಗಲ್ಲನ್ನು ಮರೆಯುತ್ತಿದ್ದರು. ಎಡೆದೊರೆ ಅಂತ ಬರೆದ ಮೇಲೆ ಎರಡೂ ಕೋಟೆಗಳನ್ನು ಸಮನಾಗಿ ನೋಡತೊಡಗಿದರು.

ಹೆಸರು ಆಟಗಾರನ ಕಾಲನ್ನು ಎಳೆಯುತ್ತದೆ ಅನ್ನುವುದು ಯುದ್ಧಭೂಮಿಯಲ್ಲೂ ಕಂಡಿತು. ನಾನು ನಕ್ಷೆಯಲ್ಲಿ ತಾಳಿಕೋಟೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಎಲ್ಲರೂ ದಂಡು ತಂದು ಅಲ್ಲೇ ನಿಲ್ಲಿಸಿದರು. ಮುದ್ದೇಬಿಹಾಳ ಕಡೆಯ ಗೆಳೆಯ ನೋಡಿ, "ಯುದ್ಧ ಅಲ್ಲಿ ಆಗಿಲ್ಲೋ, ಹೊಳಿ ದಂಡಿಮ್ಯಾಗ ಆಗ್ಯದ" ಅಂದ. ಸರಿಯಾದ ಮಾತು. ತಾಳಿಕೋಟೆ ಇರುವುದು ಕೃಷ್ಣೆಯಿಂದ ಸಾಕಷ್ಟು ಉತ್ತರಕ್ಕೆ, ಡೋಣಿ ನದಿಯ ಹತ್ತಿರ. ಅದನ್ನು ಸಣ್ಣದು ಮಾಡಿ ಹೊಳೆಯ ಹತ್ತಿರ ರಕ್ಕಸಗಿ, ತಂಗಡಗಿ ಅಂತ ಬರೆದೆ. ಮುಂದಿನ ಆಟದಿಂದ ಜಗಳ ನದಿ ದಾಟುವ ಜಾಗಕ್ಕೆ ಬಂತು.

ಇನ್ನು ಗಡಿ. ದಪ್ಪ ಗೆರೆ ಎಳೆದು ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ ತುಂಬಿದ್ದು ಮೊದಲ ಪ್ರಯತ್ನ. ಚೆಂದ ಕಾಣುತ್ತದೆ, ಹೊಸಬರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಎಡೆದೊರೆಗೆ ಯಾವ ಬಣ್ಣ? 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ, ಅದಕ್ಕೂ ಮೊದಲು, ಆಮೇಲೆ ಎಷ್ಟು ಸಲ ಕೈ ಬದಲಾಯಿತು. ಗೆರೆ ಎಳೆದ ಕೂಡಲೇ ಅದು ಯಾವಾಗಲೂ ಹಾಗೇ ಇತ್ತು ಅನ್ನುವ ಸುಳ್ಳು ನಂಬಿಕೆ ಬರುತ್ತದೆ.

ಆಮೇಲೆ ನದಿಗಳನ್ನೇ ಗಡಿ ಮಾಡಿದೆ. ಕೃಷ್ಣೆಯ ಆಚೆ ಬಿಜಾಪುರ, ಈಚೆ ವಿಜಯನಗರ. ಕೇಳಲು ಎಷ್ಟು ಸಲೀಸು! ಆದರೆ ಬೆಳಗಾವಿ ಕೃಷ್ಣೆಯ ದಕ್ಷಿಣಕ್ಕಿದ್ದರೂ ಇದ್ದದ್ದು ಆದಿಲಶಾಹಿಗಳ ಕೈಯಲ್ಲಿ. ಜೊತೆಗೆ ನದಿ ವರ್ಷವಿಡೀ ಒಂದೇ ತೆರನಾದ ಗೋಡೆಯಲ್ಲ. 1565ರ ಯುದ್ಧ ನಡೆದದ್ದು ಜನವರಿ 23ರಂದು, ಮಳೆಗಾಲ ಕಳೆದು ನೀರು ಇಳಿದಿದ್ದ ಕಾಲದಲ್ಲಿ. ನದಿಯನ್ನು ಗಡಿಯಾಗಿ ಬಿಟ್ಟುಬಿಟ್ಟೆ, ಮಳೆಗಾಲದ ಸುತ್ತಿನಲ್ಲಿ ಮಾತ್ರ ತಡೆಯಾಗಿ ಉಳಿಸಿಕೊಂಡೆ.

ಮೂರನೆಯದು ಗೆರೆಯೇ ಇಲ್ಲದ ನಕ್ಷೆ. ಕೋಟೆಗಳು ಮಾತ್ರ: ರಾಯಚೂರು, ಮುದಗಲ್ಲು, ಆದವಾನಿ, ಬಂಕಾಪುರ, ಬೆಳಗಾವಿ, ಕಲ್ಯಾಣ, ಸೊಲ್ಲಾಪುರ. ಪ್ರತಿ ಕೋಟೆಯ ಸುತ್ತ ಬಣ್ಣ, ದೂರ ಹೋದಂತೆ ತೆಳುವಾಗುತ್ತದೆ. ಎರಡು ಬಣ್ಣ ಸೇರುವಲ್ಲಿ ಓರೆ ಗೆರೆಗಳು. ಕೋಟೆ ಯಾರದೋ ಸುತ್ತಲ ನೆಲ ಅವರದು. ಯುದ್ಧದ ನಂತರದ ಹತ್ತು ವರ್ಷದಲ್ಲಿ ಆದವಾನಿ, ಬಂಕಾಪುರ ಬಿಜಾಪುರದ ಪಾಲಾದದ್ದನ್ನು ಈ ನಕ್ಷೆಯಲ್ಲಿ ಎರಡು ಬಿಲ್ಲೆ ಬದಲಿಸಿ ತೋರಿಸಬಹುದು. ಗೆರೆಯ ನಕ್ಷೆಯಲ್ಲಿ ಇಡೀ ಹಾಳೆಯನ್ನೇ ಮತ್ತೆ ಬರೆಯಬೇಕು. ಹೊಸಬರಿಗೆ ಕಾಲು ಗಂಟೆ ಜಾಸ್ತಿ ವಿವರಿಸಬೇಕಾಗುತ್ತದೆ, ನಿಜ. ನನಗೆ ಆ ಕಾಲು ಗಂಟೆ ಭಾರ ಅನ್ನಿಸಲಿಲ್ಲ. ಕನ್ನಡದ ಸೀಮೆ ಅನ್ನುವ ಪದವನ್ನೇ ನೋಡಿ, ಗಡಿಗೂ ಅದೇ ಮಾತು, ಗಡಿಯ ಒಳಗಿನ ನಾಡಿಗೂ ಅದೇ ಮಾತು.

ಅಕ್ಷರದ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲಿಷ್ ನಕ್ಷೆಗಳಲ್ಲಿ ದೊಡ್ಡ ಪ್ರದೇಶದ ಹೆಸರನ್ನು ಅಕ್ಷರ ಬಿಡಿಸಿ, ಬಾಗಿಸಿ ಉದ್ದಕ್ಕೂ ಹರಡುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಲು ಹೋದಾಗ ನನ್ನ ಡ್ರಾಯಿಂಗ್ ಸಾಫ್ಟ್‌ವೇರ್ ಬನವಾಸಿಯನ್ನು ಸರಿಯಾಗಿ ಬಿಡಿಸಿತು, ಮುದಗಲ್ಲಿನ ಒತ್ತನ್ನು ಮಾತ್ರ ಕಿತ್ತು ಬೇರೆ ಕಡೆ ಇಟ್ಟಿತು. ಈಗ ಒಂದೊಂದು ಅಕ್ಷರವನ್ನೂ ಬೇರೆಯಾಗಿ ಕೈಯಿಂದಲೇ ಜೋಡಿಸುತ್ತೇನೆ, ಒತ್ತಿಗೆ ಅಂತ ಕೆಳಗೆ ಜಾಗ ಬಿಡುತ್ತೇನೆ.

ಈಗಿನ ನಕ್ಷೆಯಲ್ಲಿ ಊರಿಗೆ ಕೋಟೆಯ ಹೆಸರು, ನಡುನಾಡಿಗೆ ಎಡೆದೊರೆ, ಗೆರೆ ಎಲ್ಲೂ ಇಲ್ಲ. ಮಲೆನಾಡು ಮಾತ್ರ ಇನ್ನೂ ಖಾಲಿ ಕಾಣುತ್ತಿದೆ, ಅಲ್ಲಿ ನಾನು ಹಾಕಿದ ಕೋಟೆಗಳು ಕಡಿಮೆ. ಇಕ್ಕೇರಿಯನ್ನು ಸೇರಿಸಿ, ಕೆಳದಿ ನಾಯಕರಿಗೆ ವಿಜಯನಗರದ ಬಣ್ಣವನ್ನೇ ತುಸು ತಿಳಿಯಾಗಿ ಕೊಟ್ಟು ಮುಂದಿನ ಭಾನುವಾರ ಆಡಿಸುತ್ತೇನೆ.